ಬಳ್ಳಿ ಗುಲಾಬಿಗೆ ಕತ್ತರಿಗಿಂತ ಮೊದಲು ದಾರ

ಬೆಂಗಳೂರಿನ ಮನೆತೋಟಗಳಿಗೆ ಸಲಹೆ ನೀಡಲು ಹೋದಾಗ ನಾನು ಹೆಚ್ಚಾಗಿ ಕೇಳುವ ದೂರು ಒಂದೇ: ಬಳ್ಳಿ ಗುಲಾಬಿ ಮಹಡಿಯವರೆಗೆ ಬೆಳೆದಿದೆ, ಹೂವು ಮಾತ್ರ ತುದಿಯಲ್ಲಷ್ಟೇ ಬಿಡುತ್ತದೆ, ಕೆಳಗೆಲ್ಲ ಬರೀ ಮುಳ್ಳುಕಡ್ಡಿ. ಆಗ ಬಹುತೇಕರು ಪೊದೆ ಗುಲಾಬಿಯನ್ನು ಸವರುವಂತೆಯೇ ಇದನ್ನೂ ಮೊಣಕಾಲೆತ್ತರಕ್ಕೆ ಸವರಿಬಿಡುತ್ತಾರೆ. ಅಲ್ಲಿಗೆ ಮುಂದೆ ಹೂ ಹೊರಬೇಕಿದ್ದ ಕಡ್ಡಿಗಳೇ ಕಸದ ರಾಶಿ ಸೇರುತ್ತವೆ. ಪೊದೆ ತಳಿಯಿಂದ ಹುಟ್ಟಿದ ಏರುವ ರೂಪಾಂತರವಾಗಿದ್ದರಂತೂ, ಎಳೆಯದರಲ್ಲೇ ಹೀಗೆ ಬಲವಾಗಿ ಕತ್ತರಿಸಿದರೆ ಅದು ಮತ್ತೆ ಪೊದೆಯ ಗುಣಕ್ಕೇ ಮರಳಬಹುದು.

ಬಳ್ಳಿ ಎಂದು ಕರೆದರೂ ಇದಕ್ಕೆ ಹಾಗಲದಂತೆ ನುಲಿಯುವ ಕುಡಿಗಳಿಲ್ಲ, ಶಂಖಪುಷ್ಪದಂತೆ ಸುತ್ತಿಕೊಳ್ಳುವ ಗುಣವೂ ಇಲ್ಲ. ಮಣಿಪುರದ ಬೆಟ್ಟಗಳ ಕಾಡುಗುಲಾಬಿ ರೋಸಾ ಜೈಗಾಂಟಿಯಾ ಬಾಗಿದ ಮುಳ್ಳುಗಳನ್ನು ಕೊಂಬೆಗಳಿಗೆ ಸಿಕ್ಕಿಸಿಕೊಂಡು ಮರವೇರುತ್ತದೆ. ಕೊಡೈಕೆನಾಲಿನ ವೀರರಾಘವನ್ ದಂಪತಿ ನಮ್ಮಂಥ ಬೆಚ್ಚನೆಯ ಹವೆಗೆ ಹೊಂದುವ ಹೊಸ ಗುಲಾಬಿ ತಳಿಗಳನ್ನು ರೂಪಿಸಲು ಆರಿಸಿಕೊಂಡ ಕಾಡುಗುಲಾಬಿಗಳಲ್ಲಿ ಇದೂ ಒಂದು. ಮನೆಯ ಗೋಡೆಯಲ್ಲಿ ಮುಳ್ಳಿಗೆ ಹಿಡಿತವಿಲ್ಲವಾದ್ದರಿಂದ ಕಟ್ಟುವ ಕೆಲಸ ನಮ್ಮದು.

ನೆಟ್ಟಗೆ ನಿಂತ ಕಡ್ಡಿಯ ತುದಿಮೊಗ್ಗಿನಿಂದ ಇಳಿಯುವ ಆಕ್ಸಿನ್ ಎಂಬ ಚೋದಕವು ಕೆಳಗಿನ ಕಣ್ಣುಗಳು ಚಿಗುರದಂತೆ ತಡೆಯುತ್ತದೆ. ಅದೇ ಕಡ್ಡಿಯನ್ನು ಅಡ್ಡಕ್ಕೆ ಬಾಗಿಸಿ ಕಟ್ಟಿದರೆ ಆ ತಡೆ ಸಡಿಲಗೊಂಡು, ಉದ್ದಕ್ಕೂ ಇರುವ ಕಣ್ಣುಗಳಿಂದ ಗೇಣುದ್ದದ ಕವಲುಗಳೆದ್ದು ಮೊಗ್ಗು ಹಿಡಿಯುತ್ತವೆ. ಒಂದು ಮನೆಯಲ್ಲಿ ಸುಮಾರು 8 ಅಡಿಯ ಹಸಿರು ಕಡ್ಡಿಯನ್ನು ಒಂದೇ ದಿನ ಬಗ್ಗಿಸದೆ, ವಾರವಿಡೀ ದಿನಕ್ಕಿಷ್ಟು ಇಳಿಸುತ್ತಾ, ಗೋಡೆಯ ಮುಂದೆ ಅಡ್ಡಕ್ಕೆ ಬಿಗಿದ ತಂತಿಯ ಮಟ್ಟಕ್ಕೆ ತಂದೆವು. ಮೂರು ವಾರದೊಳಗೆ ಕಣ್ಣುಗಳು ಕೆಂಪಗೆ ಉಬ್ಬಿ ನಿಂತದ್ದನ್ನು ಆ ಮನೆಯ ಅಜ್ಜಿ ಬೆರಳಿನಿಂದ ಮುಟ್ಟಿ ಮುಟ್ಟಿ ಎಣಿಸಿದರು. ಬಲಿತು ಕಂದಾದ ಕಡ್ಡಿ ಹೀಗೆ ಮಣಿಯುವುದಿಲ್ಲ, ಸೀಳಿಬಿಡುತ್ತದೆ.

ತಂತಿಗಳು ಒಂದರಿಂದೊಂದು ಒಂದೂವರೆ ಅಡಿ ಅಂತರದಲ್ಲಿರಲಿ, ಗೋಡೆಗೂ ತಂತಿಗೂ ನಡುವೆ ನಾಲ್ಕು ಬೆರಳಿನಷ್ಟು ಜಾಗವಿರಲಿ. ಕಾದ ಗೋಡೆಗೆ ಒತ್ತಿಕೊಂಡು ಗಾಳಿಯಾಡದ ಎಲೆಗಳಿಗೆ ಕೆಂಪು ನುಸಿ ಬೇಗ ಹತ್ತುತ್ತದೆ. ಕಟ್ಟಲು ಸೆಣಬಿನ ದಾರ ಸಾಕು, ಅದೂ ಸಡಿಲವಾಗಿ.

ಮೊದಲ ಎರಡು ವರ್ಷ ಒಣಗಿದ್ದನ್ನು ಬಿಟ್ಟು ಬೇರೇನನ್ನೂ ಕತ್ತರಿಸಬೇಡಿ. ಆಮೇಲೆ ಮಳೆ ಹಿಂದೆಗೆಯುವ ಅಕ್ಟೋಬರ್‌ನಲ್ಲಿ, ಹೂ ಮುಗಿದ ಕವಲುಗಳನ್ನು ಎರಡು ಮೂರು ಕಣ್ಣಿಗೆ ಸವರಿ, ತೀರಾ ಹಳೆಯ ಕಡ್ಡಿಯೊಂದನ್ನು ಬುಡದಿಂದಲೇ ತೆಗೆದು, ಗಾಯಕ್ಕೆ ಬೋರ್ಡೋ ಮುಲಾಮು (ಮೈಲುತುತ್ತ, ಸುಣ್ಣದ ಲೇಪ) ಹಚ್ಚಬೇಕು. ವರ್ಷಕ್ಕೊಮ್ಮೆ ಮಾತ್ರ ಹೂಬಿಡುವ ತಳಿಯನ್ನು ಹೂ ಮುಗಿದ ಮೇಲಷ್ಟೇ ಸವರಬೇಕು. ಕಸಿಗಂಟಿನ ಕೆಳಗಿನಿಂದೆದ್ದ ಚಿಗುರು ಎಷ್ಟೇ ಪುಷ್ಟವಾಗಿ ಕಂಡರೂ ಅದು ಬೇರುಸಸಿಯದು, ಅಂದರೆ ನಿಮ್ಮ ಗುಲಾಬಿಯನ್ನು ಕಸಿ ಕಟ್ಟಿದ ಬೇರೆ ಗಿಡದ್ದು. ಮಣ್ಣು ಸರಿಸಿ, ಹುಟ್ಟಿದ ಜಾಗದಿಂದಲೇ ಅದನ್ನು ಕಿತ್ತುಬಿಡಿ.