ಕಲ್ಚರಲ್ ಹ್ಯುಮಿಲಿಟಿ: ಹಾಗಂದ್ರೇನು?

ಅಮೆರಿಕದಲ್ಲಿ ಶಾಲೆಯ ಕೌನ್ಸೆಲರ್, ನರ್ಸ್, ಹೆಲ್ಪ್‌ಲೈನ್‌ನಲ್ಲಿ ಫೋನ್ ಎತ್ತುವವರು, ಇಂಥವರ ತರಬೇತಿಯಲ್ಲಿ ಈ ಪದ ಪದೇ ಪದೇ ಬರುತ್ತದೆ. ‘ಸಾಂಸ್ಕೃತಿಕ ವಿನಯ’ ಅಂತ ಕನ್ನಡ ಮಾಡಿದರೆ ಸನ್ಮಾನ ಸಮಾರಂಭದ ಭಾಷಣದ ಹಾಗೆ ಕೇಳಿಸುತ್ತದೆ. ಅರ್ಥ ಮಾತ್ರ ಸರಳ: ‘ನಿಮ್ಮವರ ವಿಷಯ ನನಗೆ ಗೊತ್ತು’ ಅಂದುಕೊಳ್ಳದೆ ಎದುರು ಕೂತವರನ್ನೇ ಕೇಳಿ ತಿಳಿಯುವುದು.

1998ರ ಒಂದು ಲೇಖನದಲ್ಲಿ ಇದನ್ನು ಮುಂದಿಟ್ಟವರು ಮೆಲನಿ ಟರ್ವಲಾನ್ ಮತ್ತು ಜ್ಯಾನ್ ಮರ್ರೆ-ಗಾರ್ಸಿಯಾ, ಇಬ್ಬರೂ ವೈದ್ಯೆಯರು. ಅದರಲ್ಲೊಂದು ಪ್ರಸಂಗವಿದೆ. ಆಪರೇಷನ್ ಆದ ಲ್ಯಾಟಿನೋ (ಲ್ಯಾಟಿನ್ ಅಮೆರಿಕ ಮೂಲದ) ಮಹಿಳೆಯೊಬ್ಬರು ನರಳುತ್ತಿದ್ದಾರೆ. ತುಂಬಾ ನೋವಿರಬೇಕು ಅಂತ ಡಾಕ್ಟರ್ ಹೇಳಿದರೆ, ನರ್ಸ್ ಒಪ್ಪುವುದಿಲ್ಲ. ಇವರ ಕಡೆಯವರು ನೋವನ್ನು ಜಾಸ್ತಿ ಮಾಡಿ ತೋರಿಸುತ್ತಾರೆ, ಕೋರ್ಸಿನಲ್ಲೇ ಕಲಿತಿದ್ದೇನೆ ಅನ್ನುತ್ತಾರೆ. ಆ ನರ್ಸ್ ಸ್ವತಃ ಆಫ್ರಿಕನ್ ಅಮೆರಿಕನ್. ಕೋರ್ಸ್ ಪಾಸಾಗಿದೆ, ನರಳಾಟ ಮಾತ್ರ ಕಿವಿಗೆ ಬಿದ್ದಿಲ್ಲ!

ಅಮೆರಿಕದ ಕಪ್ಪು ಮಕ್ಕಳ ವಿಷಯದಲ್ಲಿ ಹೀಗೆ ಕೇಳಿಸಿಕೊಳ್ಳದಿರುವುದು ಇನ್ನೂ ದುಬಾರಿ. ಖಿನ್ನತೆ ಅಂದರೆ ಮೂಲೆಯಲ್ಲಿ ಕೂತು ಅಳುವುದು ಅಂತ ನಮ್ಮ ತಲೆಯಲ್ಲಿದೆ, ಆದರೆ ಹದಿಹರೆಯದಲ್ಲಿ ಅದು ಸಿಡಿಮಿಡಿಯಾಗಿಯೂ ಬರಬಹುದು ಅಂತ ಮನೋವೈದ್ಯರ ಕೈಪಿಡಿಯೇ ಹೇಳುತ್ತದೆ. ಹದಿನಾಲ್ಕರ ಹುಡುಗನೊಬ್ಬ ರಾತ್ರಿಯಿಡೀ ನಿದ್ದೆ ಇಲ್ಲದೆ ಬಂದು, ಬ್ಯಾಗ್ ಎಸೆದು, ಟೀಚರ್ ಮೇಲೆ ರೇಗಿದ ಅನ್ನಿ. ಅವನು ಕಪ್ಪು ಹುಡುಗನಾದರೆ ಶಿಕ್ಷೆಯ ಕಡೆಗೇ ದಾರಿ ಜಾಸ್ತಿ. ಅಲ್ಲಿನ ಸರ್ಕಾರಿ ಲೆಕ್ಕವೇ ಹಾಗೆ ಹೇಳುತ್ತದೆ. 5ರಿಂದ 12 ವರ್ಷದ ಕಪ್ಪು ಮಕ್ಕಳಲ್ಲಿ ಆತ್ಮಹತ್ಯೆಯ ಪ್ರಮಾಣ ಅದೇ ವಯಸ್ಸಿನ ಬಿಳಿಯ ಮಕ್ಕಳಿಗಿಂತ ಸುಮಾರು ಎರಡು ಪಟ್ಟು ಅಂತ 2018ರ ಅಧ್ಯಯನವೊಂದು ತೋರಿಸಿತ್ತು.

ಹುಡುಗ ಬಾಯಿ ಬಿಡುವುದಿಲ್ಲ ಅಂತ ದೂರುವುದು ಸುಲಭ. ಆದರೆ ಕಪ್ಪು ಗುಲಾಮರು ಓಡಿಹೋಗುವುದೇ ಒಂದು ಮಾನಸಿಕ ಕಾಯಿಲೆ ಅಂತ 1851ರಲ್ಲಿ ಸ್ಯಾಮುಯೆಲ್ ಕಾರ್ಟ್‌ರೈಟ್ ಅನ್ನೋ ಡಾಕ್ಟರ್ ಬರೆದ, ‘ಡ್ರಾಪೆಟೊಮೇನಿಯಾ’ ಅಂತ ಹೆಸರೂ ಇಟ್ಟ. ಇಂಥ ಚರಿತ್ರೆ ಇರುವವರ ಮನೆಯಲ್ಲಿ ಡಾಕ್ಟರನ್ನು ಸುಮ್ನೆ ನಂಬಿ ಅಂದರೆ ಆಗುತ್ತಾ? ಹಾಗಾಗಿ ಕೇಳುವ ಪ್ರಶ್ನೆಗಳು ಬದಲಾಗಬೇಕು. ಈ ಸಂಕಟಕ್ಕೆ ನೀನು ಏನಂತೀಯ? ಮನೆಯಲ್ಲಿ ಯಾರ ಹತ್ತಿರ ಹೇಳ್ಕೊಳ್ತೀಯ, ಅಜ್ಜಿ ಹತ್ತಿರಾನಾ? ನೀನು ಹೇಳಿದ್ದರಲ್ಲಿ ಯಾವುದು ನನ್ನಲ್ಲೇ ಉಳಿಯುತ್ತದೆ, ಯಾವುದನ್ನು ನಾನು ಬೇರೆಯವರಿಗೆ ಹೇಳಲೇಬೇಕಾಗುತ್ತದೆ ಅನ್ನೋದನ್ನೂ ಮೊದಲೇ ಬಿಡಿಸಿ ಹೇಳಬೇಕು. ನನಗೆ ಇದೇ ಎಲ್ಲಕ್ಕಿಂತ ಮುಖ್ಯ ಅನ್ನಿಸುತ್ತದೆ.

ತರಬೇತಿ ಆಸ್ಪತ್ರೆಯ ಒಳಗೇ ಆಗಬೇಕು ಅಂತೇನೂ ಇಲ್ಲ. ಅಮೆರಿಕದ ಅರ್ಕಾನ್ಸಾ ರಾಜ್ಯದಲ್ಲಿ ಶುರುವಾದ ‘ಕನ್‌ಫೆಸ್ ಪ್ರಾಜೆಕ್ಟ್’ ಅನ್ನೋ ಸಂಸ್ಥೆ, ಬಂದವರ ಮನಸ್ಸಿನ ಮಾತು ಕೇಳಿಸಿಕೊಳ್ಳುವುದನ್ನು ಕ್ಷೌರಿಕರಿಗೇ ಕಲಿಸುತ್ತದೆ. ಕೌನ್ಸೆಲರ್ ಬಾಗಿಲು ತಟ್ಟದ ಹುಡುಗ ಕಟಿಂಗ್‌ಗಂತೂ ಬರುತ್ತಾನಲ್ವಾ.