ಎಂಡ್ ಸೀಲಿಂಗ್: ಹಲಗೆಯ ತುದಿಗೆ ಲೇಪ ಯಾಕೆ?

ಹಸಿ ಮರ ಕೊಯ್ದ ಕೂಡಲೇ ದಿಮ್ಮಿಯ ಅಥವಾ ಹಲಗೆಯ ಎರಡೂ ತುದಿಗೆ ಮೇಣವನ್ನೋ ದಪ್ಪ ಪೇಂಟನ್ನೋ ಬಳಿಯುವುದಕ್ಕೆ ಎಂಡ್ ಸೀಲಿಂಗ್ ಎನ್ನುತ್ತಾರೆ. ಬಳಿಯುವುದು ತುದಿಗೆ ಮಾತ್ರ. ಅಗಲದ ಮುಖಗಳನ್ನು ಹಾಗೇ ಬಿಡಬೇಕು, ಹಲಗೆ ಒಣಗಬೇಕಾದದ್ದು ಅಲ್ಲಿಂದ.

ಮರ ನೀರು ಹೀರುವುದು ಉದ್ದಕ್ಕೆ ಸಾಗುವ ಸಣ್ಣ ಸಣ್ಣ ಕೊಳವೆಗಳಿಂದ. ಅಡ್ಡ ಕೊಯ್ದರೆ ಅವುಗಳ ಬಾಯಿ ತೆರೆದುಕೊಳ್ಳುತ್ತದೆ, ಬೈಹುಲ್ಲಿನ ಕಟ್ಟನ್ನು ಕತ್ತರಿಸಿದ ಹಾಗೆ. ಹಾಗಾಗಿ ಮುಖಕ್ಕಿಂತ ತುದಿಯಿಂದ ತೇವ 10ರಿಂದ 15 ಪಟ್ಟು ಬೇಗ ಹೋಗುತ್ತದೆ. ಬೇಗ ಒಣಗಿದರೆ ಒಳ್ಳೆಯದೇ ಅಲ್ವಾ? ಇಲ್ಲ. ತೇವ ಸುಮಾರು ಶೇ. 30ಕ್ಕಿಂತ ಕೆಳಗಿಳಿದ ಮೇಲೆ ಮರ ಕುಗ್ಗಲು ಶುರುವಾಗುತ್ತದೆ. ತುದಿ ಆ ಹಂತಕ್ಕೆ ಬಂದಾಗ ಸ್ವಲ್ಪ ಒಳಗಿನ ಮರ ಇನ್ನೂ ಹಸಿಯೇ. ತುದಿ ಕುಗ್ಗಲು ನೋಡುತ್ತದೆ, ಹಿಂದಿನ ಹಸಿ ಮರ ಬಿಡುವುದಿಲ್ಲ. ಆ ಎಳೆದಾಟದಲ್ಲಿ ತುದಿ ಸೀಳುತ್ತದೆ.

ಸೀಳಿದ ಭಾಗ ಕತ್ತರಿಸಿ ಎಸೆಯುವುದೇ ಗತಿ. ಎಂಟು ಅಡಿಯ ಹಲಗೆಯಲ್ಲಿ ಎರಡೂ ಕಡೆ ಅರ್ಧರ್ಧ ಅಡಿ ಹೋದರೆ ಎಂಟರಲ್ಲಿ ಒಂದು ಪಾಲು ನಷ್ಟ. ಮರಕ್ಕೆ ದುಡ್ಡು ಕೊಡುವುದು ಸಿಎಫ್‌ಟಿ (ಘನ ಅಡಿ) ಲೆಕ್ಕದಲ್ಲಿ, ಎಸೆದ ತುಂಡಿಗೂ ಕೊಟ್ಟಾಗಿರುತ್ತದೆ. ತೋಟದ ಹಲಸನ್ನೋ ಹೆಬ್ಬಲಸನ್ನೋ ಕಡಿಸಿ ಮನೆಗೆ ಬಾಗಿಲು ಮಾಡಿಸುವವರಿಗಂತೂ ಅಂಥ ಇನ್ನೊಂದು ಮರ ಸಿಗುವುದಿಲ್ಲ. ಅದಕ್ಕೇ ಈ ಸಣ್ಣ ಕೆಲಸವನ್ನು ಬಿಡಬೇಡಿ ಎನ್ನುತ್ತೇನೆ.

ಮಂಗಳೂರು, ಉಡುಪಿ ಕಡೆ ಹವೆಯೂ ಇದರಲ್ಲಿ ಸೇರಿಕೊಳ್ಳುತ್ತದೆ. ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ಶೆಡ್ಡಿನ ಹಲಗೆ ಬಹಳ ನಿಧಾನ ಒಣಗುತ್ತದೆ. ಆಗ ಸೀಳಿಗಿಂತ ಬೂಷ್ಟಿನ ಭಯ ಜಾಸ್ತಿ. ಮುಖಕ್ಕೂ ಲೇಪ ಹಚ್ಚಿದರೆ ತೇವ ಒಳಗೇ ಸಿಕ್ಕಿಕೊಂಡು ಮರ ಕೆಡುತ್ತದೆ. ಹಲಗೆಗಳ ನಡುವೆ ರೀಪು (ಮರದ ತೆಳು ಪಟ್ಟಿ) ಕೊಟ್ಟು ಗಾಳಿಯಾಡಲು ಬಿಡಬೇಕು. ಮಳೆ ಬಿಟ್ಟು ಬಿಸಿಲು, ಒಣಗಾಳಿ ಶುರುವಾದ ಮೇಲೆ ತುದಿಗಳು ಒಮ್ಮೆಲೇ ಒಣಗುತ್ತವೆ. ಲೇಪದ ಬೆಲೆ ಗೊತ್ತಾಗುವುದು ಆಗ. ಕಿರಾಲ್‌ಬೋಗಿಯಂಥ ಗಟ್ಟಿ ಮರಕ್ಕೆ, ದಾರಂದಕ್ಕೆ (ಬಾಗಿಲ ಚೌಕಟ್ಟಿಗೆ) ಕೊಯ್ದ ದಪ್ಪ ತುಂಡುಗಳಿಗೆ ಇದು ಬೇಕೇ ಬೇಕು. ತೆಳು ರೀಪಿಗೆ ಅಷ್ಟು ಚಿಂತೆಯಿಲ್ಲ.

ಇದಕ್ಕೆಂದೇ ಸಿಗುವ, ನೀರಲ್ಲಿ ಬೆರೆಸಿದ ಮೇಣದ ಲೇಪ ಎಲ್ಲಕ್ಕಿಂತ ಒಳ್ಳೆಯದು. ಅದು ಸಿಗದಿದ್ದರೆ ಕರಗಿಸಿದ ಮೇಣ, ಡಾಂಬರು, ಅಥವಾ ಎಣ್ಣೆ ಪೇಂಟಿನ ಎರಡು ಮೂರು ದಪ್ಪ ಕೋಟು ಆಗುತ್ತದೆ. ಗೋಡೆಗೆ ಬಳಿಯುವ ಪೇಂಟಿನ ಒಂದು ತೆಳು ಕೋಟು ಕೊಟ್ಟು ಸುಮ್ನೆ ಕೂತರೆ ಪ್ರಯೋಜನವಿಲ್ಲ, ತೇವ ಅದನ್ನು ದಾಟಿ ಹೋಗುತ್ತದೆ. ಕೊಯ್ದ ದಿನವೇ ಬಳಿಯುವುದು ಉತ್ತಮ. ಬಿರುಕು ಕಂಡ ಮೇಲೆ ಬಳಿದರೆ ಅದು ಮುಚ್ಚುವುದಿಲ್ಲ. ಬಿರುಕು ಮುಗಿಯುವಲ್ಲಿಗೆ ಕತ್ತರಿಸಿ ಹೊಸ ತುದಿಗೆ ಹಚ್ಚಬೇಕು.

ಎಲ್ಲ ದೋಷವೂ ಇದರಿಂದ ನಿಲ್ಲುವುದಿಲ್ಲ. ಹಲಗೆ ಸೊಟ್ಟಗಾಗುವುದು, ನೇರ ಬಿಸಿಲಿಗೆ ಮುಖ ಬಿರಿಯುವುದು, ನಡುತಿರುಳು ಇರುವ ತುಂಡು ಸೀಳುವುದು ಇವಕ್ಕೆ ಬೇರೆಯೇ ಉಪಾಯ ಬೇಕು: ಹಲಗೆಗಳನ್ನು ಸರಿಯಾಗಿ ಅಟ್ಟಿ ಪೇರಿಸುವುದು, ನೆರಳು, ತಿರುಳು ಬಿಟ್ಟು ಕೊಯ್ಯುವುದು. ಮರ ಪೂರ್ತಿ ಒಣಗಿದ ಮೇಲೆ ಲೇಪ ಹಚ್ಚಿದ ತುದಿಯನ್ನು ತೆಳ್ಳಗೆ ಕತ್ತರಿಸಿ ತೆಗೆಯಲು ಆಚಾರಿಗೆ ಹೇಳಿ. ಮೇಣ ಉಳಿದರೆ ಆ ಜಾಗಕ್ಕೆ ಅಂಟೂ ಹಿಡಿಯುವುದಿಲ್ಲ, ಪಾಲಿಶೂ ಹಿಡಿಯುವುದಿಲ್ಲ.