ಅಚ್ಚು, ಎದುರಚ್ಚು ಮತ್ತು ರೆಕ್ಕೆಯ ನಾಳಗಳು: ನಾನು ಎಡವಿದ ಹೆಜ್ಜೆಯ ಟಿಪ್ಪಣಿ

ಕೆರೆಯ ಕೆಸರಿನಲ್ಲಿ ಹೂತ ಕೀಟದ ಮೈ ಬೇಗ ಕೊಳೆಯುತ್ತದೆ, ರೆಕ್ಕೆ ಬಹುಕಾಲ ತಾಳುತ್ತದೆ. ಆದ್ದರಿಂದಲೇ ಪಳೆಯುಳಿಕೆ ಕೀಟಗಳ ಅನೇಕ ಪ್ರಭೇದಗಳು ಒಂದೇ ಒಂದು ರೆಕ್ಕೆಯ ಆಧಾರದ ಮೇಲೆ ಹೆಸರು ಪಡೆದಿವೆ. ಕೋಸ್ಟಾ, ಸಬ್‌ಕೋಸ್ಟಾ, ರೇಡಿಯಸ್, ಮೀಡಿಯಾ, ಕ್ಯೂಬಿಟಸ್, ಏನಲ್ ಎಂಬ, ಮುಂದಿನ ಅಂಚಿನಿಂದ ಹಿಂದಕ್ಕೆ ಸಾಲಾಗಿ ಬರುವ ನಾಳಗಳ (ರೆಕ್ಕೆಯಲ್ಲಿ ಕಾಣುವ ಗಟ್ಟಿ ಗೆರೆಗಳ) ಹೆಸರುಗಳನ್ನು ಕಾಮ್‌ಸ್ಟಾಕ್ ಮತ್ತು ನೀಧಮ್ ಎಂಬ ಅಮೆರಿಕದ ಕೀಟತಜ್ಞರು 1898ರಿಂದ ವ್ಯಾಪಕ ಬಳಕೆಗೆ ತಂದರು. ಅವನ್ನು ಬಾಯಿಪಾಠ ಮಾಡುವುದು ಕಷ್ಟವಲ್ಲ. ಕಲ್ಲಿನ ಮೇಲೆ ಯಾವುದು ಯಾವ ನಾಳ ಎಂದು ಹೇಳುವುದೇ ಕಷ್ಟ.

ನಮ್ಮ ಕಲಬುರಗಿಯವರಿಗೆ ಇದನ್ನು ಶಹಾಬಾದ್ ಪರ್ಸಿಯಿಂದ (ನೆಲಕ್ಕೆ ಹಾಸುವ ಸುಣ್ಣಕಲ್ಲಿನಿಂದ) ಆರಂಭಿಸಿ ವಿವರಿಸುವುದು ಸುಲಭ. ಆ ಕಲ್ಲಿನಲ್ಲಿ ಕೀಟಗಳನ್ನು ಹುಡುಕಬಾರದು, ಏಕೆಂದರೆ ರೆಕ್ಕೆಯುಳ್ಳ ಕೀಟಗಳು ಸುಮಾರು 32 ಕೋಟಿ ವರ್ಷಗಳ ಹಿಂದಿನ ಶಿಲೆಗಳಲ್ಲಿ ಮೊದಲು ಕಾಣಿಸುತ್ತವೆ, ಭೀಮಾ ಕಣಿವೆಯ ಸುಣ್ಣಕಲ್ಲು ಅದಕ್ಕಿಂತ ಬಹಳ ಹಳೆಯದು. ಆದರೆ ಪರ್ಸಿ ಪದರದಿಂದ ಪದರಕ್ಕೆ ಸೀಳುವುದನ್ನು ನಾವೆಲ್ಲ ನೋಡಿದ್ದೇವೆ. ರೆಕ್ಕೆಯಿರುವ ಶಿಲೆಯೂ ಹಾಗೆಯೇ ಸೀಳುತ್ತದೆ, ಮತ್ತು ಒಂದೇ ರೆಕ್ಕೆ ಎರಡು ಮುಖಗಳಲ್ಲಿ ಉಳಿಯುತ್ತದೆ: ಒಂದು, ರೆಕ್ಕೆ ಇದ್ದಂತೆಯೇ ಕಾಣುವ ಅಚ್ಚು; ಇನ್ನೊಂದು, ಅದರ ಉಬ್ಬುತಗ್ಗು ತಿರುವುಮುರುವಾದ ಎದುರಚ್ಚು.

ನಾನು ಎಡವಿದ್ದು ಇಲ್ಲಿ. ರೆಕ್ಕೆ ಚಪ್ಪಟೆಯಲ್ಲ, ಬೀಸಣಿಗೆಯಂತೆ ಮಡಿಕೆಗಳುಳ್ಳದ್ದು. ಮೇಲಿನಿಂದ ನೋಡಿದಾಗ ಕೋಸ್ಟಾ ಉಬ್ಬು, ಸಬ್‌ಕೋಸ್ಟಾ ತಗ್ಗು, ರೇಡಿಯಸ್‌ನ ಮುಂಗವಲು ಉಬ್ಬು, ಹಿಂಗವಲು ತಗ್ಗು. ಹಿಂದೆ ಕ್ಯೂಬಿಟಸ್‌ನಲ್ಲಿಯೂ ಮುಂಗವಲು ಉಬ್ಬು, ಹಿಂಗವಲು ತಗ್ಗು. ಬೆಲ್ಜಿಯಂನ ಕೀಟತಜ್ಞ ಲಾಮೇರ್ 1922ರಲ್ಲಿ ಈ ಉಬ್ಬುತಗ್ಗನ್ನೇ ನಾಳ ಗುರುತಿಸುವ ಆಧಾರವಾಗಿ ಬಳಸಿದರು. ನಾನು ಒಂದು ಚಿತ್ರದಲ್ಲಿ ಕೋಸ್ಟಾದ ಹಿಂದೆ ಎದ್ದುಕಂಡ ಉಬ್ಬುನಾಳವನ್ನು ರೇಡಿಯಸ್ ಎಂದು ಬರೆದುಕೊಂಡೆ. ಅದು ಎದುರಚ್ಚಿನ ಚಿತ್ರವಾಗಿತ್ತು, ಆ ನಾಳ ಸಬ್‌ಕೋಸ್ಟಾ ಆಗಿತ್ತು, ಮತ್ತು ಹಿಂದಿನ ಹೆಸರುಗಳೆಲ್ಲ ಒಂದೊಂದು ಮನೆ ಜರುಗಿದವು. ರೇಡಿಯಸ್ ರೆಕ್ಕೆಯ ಅರ್ಧಕ್ಕೇ ಅಂಚು ಸೇರುತ್ತದೆ ಎಂಬ ಇಲ್ಲದ ಲಕ್ಷಣವೊಂದು ನನ್ನ ಟಿಪ್ಪಣಿ ಪುಸ್ತಕದಲ್ಲಿ ಹುಟ್ಟಿಕೊಂಡಿತು; ಇಂಥ ತಪ್ಪು ಪ್ರಕಟವಾದರೆ ಇಲ್ಲದ ಕುಲವೊಂದೇ ಹುಟ್ಟಬಹುದು.

ಇದು ನನ್ನ ತಲೆಗೆ ಹೋದದ್ದು ಒಂದು ಹಾಳೆಯಿಂದ. ಹಾಳೆಯ ಮೇಲೆ ಎಡರೆಕ್ಕೆ ಬರೆದು, ಕೋಸ್ಟಾ ಮತ್ತು ರೇಡಿಯಸ್ ಗೆರೆಗಳನ್ನು ಮೇಲಕ್ಕೂ ನಡುವಿನ ಸಬ್‌ಕೋಸ್ಟಾವನ್ನು ಕೆಳಕ್ಕೂ ಮಡಿಚಿ, ಹಾಳೆಯನ್ನು ಮಗುಚಿ ಕಿಟಕಿಯ ಬೆಳಕಿಗೆ ಹಿಡಿಯಿರಿ. ಶಾಯಿಯ ಗೆರೆಗಳು ಹಿಂಬದಿಯಿಂದ ಕಾಣುತ್ತವೆ: ಎಡರೆಕ್ಕೆ ಬಲರೆಕ್ಕೆಯಾಗಿದೆ, ಉಬ್ಬುಗಳು ತಗ್ಗಾಗಿವೆ, ಸಬ್‌ಕೋಸ್ಟಾ ಎದ್ದು ನಿಂತಿದೆ. ಮೇಲ್ಮೈಯ ಎದುರಚ್ಚಿನಲ್ಲಿ ಕಾಣುವುದು ಇದೇ, ಅಂದರೆ ರೆಕ್ಕೆಯನ್ನು ಕೆಳಗಿನಿಂದ ನೋಡಿದ ನೋಟ. ಹೀಗಾಗಿ ನಾನು ಈಗ ಬೇರೇನೂ ನೋಡುವ ಮೊದಲು ಸಬ್‌ಕೋಸ್ಟಾವನ್ನೇ ಹುಡುಕುತ್ತೇನೆ. ಅದು ತಗ್ಗಿನಲ್ಲಿದ್ದರೆ ನೋಟ ಮೇಲಿನದು. ಉಬ್ಬಿದ್ದರೆ ಚಿತ್ರವನ್ನು ಕನ್ನಡಿಯಂತೆ ತಿರುಗಿಸಿ, ಎಲ್ಲ ಉಬ್ಬುತಗ್ಗುಗಳನ್ನೂ ಅದಲುಬದಲು ಮಾಡಿಯೇ ಹೆಸರು ಬರೆಯಬೇಕು.

ಬೆಳಕೂ ಮೋಸ ಮಾಡುತ್ತದೆ. ಛಾಯಾಚಿತ್ರದಲ್ಲಿ ಬೆಳಕು ಮೇಲಿನ ಎಡಮೂಲೆಯಿಂದ ಓರೆಯಾಗಿ ಬೀಳುವುದು ವಾಡಿಕೆ. ಅದು ಕೆಳಗಿನಿಂದ ಬಿದ್ದರೆ ಉಬ್ಬು ತಗ್ಗಿನಂತೆ ಕಾಣುತ್ತದೆ, ಆದರೆ ಎಡಬಲ ಬದಲಾಗಿರುವುದಿಲ್ಲ. ಆಗ ಎದುರಚ್ಚೆಂದು ತಿಳಿದು ತಿರುಗಿಸಿದರೆ ಸರಿಯಿದ್ದ ಚಿತ್ರವೇ ತಪ್ಪಾಗುತ್ತದೆ. ಕಲ್ಲು ಕೈಯಲ್ಲಿದ್ದರೆ ದೀಪವನ್ನು ಸುತ್ತ ಸರಿಸಿ ನೋಡಿದರೆ ಸಾಕು. ಒತ್ತಡಕ್ಕೆ ಪೂರ್ತಿ ಚಪ್ಪಟೆಯಾದ ರೆಕ್ಕೆಯಲ್ಲಿ ಈ ಪರೀಕ್ಷೆ ನಡೆಯದು, ಅಲ್ಲಿ ನಾಳಗಳನ್ನು ಬುಡದಿಂದಲೇ ಹಿಂಬಾಲಿಸಬೇಕು.

ಹೊಸ ಪ್ರಭೇದ ಎನ್ನುವ ಮೊದಲು ಇನ್ನೆರಡು ಅನುಮಾನಗಳನ್ನು ತೀರಿಸಿಕೊಳ್ಳಬೇಕು: ಇದು ಈಗಾಗಲೇ ಹೆಸರಿರುವ ಕೀಟದ ಹಿಂದಿನ ರೆಕ್ಕೆಯೇ, ಮತ್ತು ಶಿಲೆ ಎಳೆದುಹೋಗಿ ಉದ್ದ ಅಗಲಗಳ ಪ್ರಮಾಣ ಕೆಟ್ಟಿದೆಯೇ. ಅಡ್ಡನಾಳಗಳ ಸಂಖ್ಯೆ ಒಂದೇ ಕೀಟದ ಎಡಬಲ ರೆಕ್ಕೆಗಳಲ್ಲೇ ವ್ಯತ್ಯಾಸವಾಗಬಹುದಾದ್ದರಿಂದ ಅದೊಂದನ್ನೇ ನಂಬಬಾರದು.

ಹೆಸರಿಡುವ ನಿಯಮ ಸಂಕ್ಷಿಪ್ತವಾಗಿ ಹೀಗಿದೆ. ಪ್ರಾಣಿನಾಮಗಳ ಅಂತರರಾಷ್ಟ್ರೀಯ ಸಂಹಿತೆಯ ನಾಲ್ಕನೆಯ ಆವೃತ್ತಿ 2000ರ ಜನವರಿ 1ರಿಂದ ಜಾರಿಯಲ್ಲಿದೆ. ಅದರಂತೆ ಬೇರೆ ಪ್ರಭೇದಗಳಿಂದ ಬೇರ್ಪಡಿಸುವ ಲಕ್ಷಣಗಳನ್ನು ಬರೆಯಬೇಕು, ಹೋಲೋಟೈಪ್ (ಹೆಸರಿಗೆ ಆಧಾರವಾದ ಒಂದೇ ಮಾದರಿ) ಯಾವುದೆಂದು ಸ್ಪಷ್ಟವಾಗಿ ಹೇಳಬೇಕು. ಅಚ್ಚು ಮತ್ತು ಎದುರಚ್ಚು ಒಂದೇ ಮಾದರಿಯ ಎರಡು ಭಾಗಗಳಾದ್ದರಿಂದ ಎರಡಕ್ಕೂ ಒಂದೇ ಸಂಖ್ಯೆ ಕೊಟ್ಟು ಎ, ಬಿ ಎಂದು ಗುರುತು ಹಾಕುವುದು ರೂಢಿ. ರೇಖಾಚಿತ್ರದ ಕೆಳಗೆ ಅಳತೆಯ ಗೆರೆಯ ಜೊತೆಗೆ, ಅದನ್ನು ಯಾವ ಮುಖ ನೋಡಿ ಬರೆದದ್ದು, ತಿರುಗಿಸಿದೆಯೋ ಇಲ್ಲವೋ ಎಂಬುದನ್ನೂ ಬರೆದಿಡಬೇಕು.